ವಿಧೇಯ ಮಗುವಿಗೆ ‘ಇಲ್ಲ’ ಎನ್ನಲು ಕಲಿಸೋಣ

2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಮಕ್ಕಳ ಕೈಸೇರಿದ ಮೊಬೈಲ್, ಶಾಲೆಗಳು ತೆರೆದ ಮೇಲೂ ಅವರನ್ನು ಬಿಟ್ಟುಹೋಗಲಿಲ್ಲ. ಬಾಣಾವರದಂತಹ ಊರಿನಲ್ಲೂ ಅದು ಈಗ ಮನೆಯ ನಿತ್ಯದ ವಸ್ತು. ಬುದ್ಧಿಬೆಳವಣಿಗೆ ನಿಧಾನವಾದ, ಆಟಿಸಂ ಇರುವ ಅಥವಾ ಕಿವಿ ಕೇಳದ ಮಗುವಿಗೆ, ಓರಗೆಯವರು ಆಟಕ್ಕೆ ಸೇರಿಸಿಕೊಳ್ಳದಾಗ ಅದೇ ಸಂಗಾತಿ. ಆದುದರಿಂದ ಅದನ್ನು ಕಿತ್ತುಕೊಳ್ಳುವುದೊಂದೇ ರಕ್ಷಣೆಯೆಂದು ಭಾವಿಸುವುದು ಸರಿಯಲ್ಲ.

ಅಪಾಯವಿರುವುದು ನಾವು ಮೆಚ್ಚುವ ಗುಣದಲ್ಲಿಯೇ. ಇಂತಹ ಮಕ್ಕಳಿಗೆ ನಾವು ಮೊದಲು ಕಲಿಸುವುದು ವಿಧೇಯತೆಯನ್ನು. ಹೇಳಿದಂತೆ ಕೇಳಿದರೆ ‘ಜಾಣಮರಿ’ ಎನ್ನುತ್ತೇವೆ. ಪರದೆಯ ಆಚೆಗಿನ ವಂಚಕನೂ ಅದನ್ನೇ ಹೇಳುತ್ತಾನೆ: ‘ನೀನು ಜಾಣಮರಿ, ಒಂದು ಫೋಟೋ ಕಳಿಸು, ಅಮ್ಮನಿಗೆ ಹೇಳಬೇಡ.’ ಮಾತಿನ ಹಿಂದಿನ ಇಂಗಿತವನ್ನು ಅರಿಯಲಾರದ ಮಗು ಹಾಗೆಯೇ ಮಾಡುತ್ತದೆ. ‘ಅಪರಿಚಿತರೊಡನೆ ಮಾತನಾಡಬೇಡ’ ಎಂಬ ಬುದ್ಧಿವಾದ ಇಲ್ಲಿ ಸಾಲದು. ಎರಡು ದಿನ ಸಿಹಿಮಾತನ್ನಾಡಿದವನು ಆ ಮಗುವಿನ ಪಾಲಿಗೆ ಗೆಳೆಯನೇ.

ಪಾಲಕರು ಮೂರೇ ನಿಯಮಗಳನ್ನು ಚಿತ್ರಸಹಿತ ಬರೆದು ಗೋಡೆಗೆ ಅಂಟಿಸಲಿ. ಮೈಯ ಫೋಟೋವನ್ನು ಯಾರಿಗೂ ಕಳುಹಿಸಬಾರದು. ಓಟಿಪಿ, ವಿಳಾಸ, ಶಾಲೆಯ ಹೆಸರನ್ನು ಯಾರಿಗೂ ಕೊಡಬಾರದು. ‘ಮನೆಯಲ್ಲಿ ಹೇಳಬೇಡ’ ಎಂದು ಯಾರಾದರೂ ಅಂದರೆ ಅದನ್ನೇ ಮನೆಯಲ್ಲಿ ಮೊದಲು ಹೇಳಬೇಕು. ಒಮ್ಮೆ ಹೇಳಿದರೆ ಸಾಲದು. ಅಣ್ಣನೋ ಅಕ್ಕನೋ ವಂಚಕನ ಪಾತ್ರ ವಹಿಸಿ, ಮಗು ‘ಇಲ್ಲ’ ಎನ್ನುವ ಅಭ್ಯಾಸವನ್ನು ಆಟದಂತೆ ಮಾಡಿಸಬೇಕು. ಅರಸೀಕೆರೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಕರನ್ನು ಕಂಡು ಮಗುವಿಗೆ ತಕ್ಕ ವಿಧಾನವನ್ನು ಕೇಳಬಹುದು.

ಅನಾಹುತವಾದರೆ ಮರ್ಯಾದೆಗಂಜಿ ಮುಚ್ಚಿಡುವುದು ವಂಚಕನಿಗೆ ಮಾಡುವ ಸಹಾಯ. 2012ರ ಪೋಕ್ಸೋ ಕಾಯಿದೆಯು, ಮಗುವಿನ ಅಂಗವೈಕಲ್ಯವನ್ನು ದುರುಪಯೋಗಪಡಿಸಿಕೊಂಡು ಎಸಗುವ ಲೈಂಗಿಕ ಹಲ್ಲೆಯನ್ನು ಹೆಚ್ಚು ಗಂಭೀರ ಅಪರಾಧವೆಂದು ಪರಿಗಣಿಸಿದೆ. ಅಶ್ಲೀಲ ಉದ್ದೇಶಕ್ಕೆ ಮಗುವನ್ನು ಪುಸಲಾಯಿಸುವುದೂ ಅಪರಾಧವೇ. ಮಾತು ಸ್ಪಷ್ಟವಿಲ್ಲದ ಮಗುವಿನ ಹೇಳಿಕೆಯನ್ನು ಪಡೆಯಲು ವಿಶೇಷ ಶಿಕ್ಷಕರ ನೆರವಿಗೂ ಅದರಲ್ಲಿ ಅವಕಾಶವಿದೆ. ಮಕ್ಕಳ ಸಹಾಯವಾಣಿ 1098. ಸೈಬರ್ ವಂಚನೆಗೆ 1930. ಬಂದ ಸಂದೇಶಗಳನ್ನು ಅಳಿಸಬೇಡಿ, ಇತರರಿಗೆ ರವಾನಿಸಲೂ ಬೇಡಿ, ಪೊಲೀಸರಿಗೆ ತೋರಿಸಿ.

ಎಲ್ಲಕ್ಕಿಂತ ಮಿಗಿಲಾಗಿ, ಹೇಳಿಕೊಂಡ ಮಗುವನ್ನು ಗದರಿಸಬಾರದು. ಒಮ್ಮೆ ಏಟು ತಿಂದ ಮಗು ಮತ್ತೆ ಬಾಯಿ ಬಿಡಲಾರದು. ಸಂಜೆಯ ಜಪಸರ ಮುಗಿದ ಬಳಿಕ ಐದು ನಿಮಿಷ ಮಗುವಿನ ಬಳಿ ಕುಳಿತು, ‘ಇಂದು ಫೋನಿನಲ್ಲಿ ನಿನ್ನೊಡನೆ ಯಾರು ಮಾತನಾಡಿದರು?’ ಎಂದು ಪ್ರೀತಿಯಿಂದ ಕೇಳೋಣ. ಉತ್ತರ ನಿಧಾನವಾಗಿ ಬಂದರೂ ಕಾದು ಕೇಳಿಸಿಕೊಳ್ಳೋಣ.