ಅಂಗಡಿ ಬರೆದುಕೊಡುವ ಮುನ್ನ

ನಾಯ್ಮಾರ್ಮೂಲೆಯಲ್ಲಿ ನಮ್ಮ ಪರಿಚಯದ ಹಿರಿಯ ವರ್ತಕರೊಬ್ಬರಿದ್ದಾರೆ. ವಯಸ್ಸು 78. ಅಡಿಕೆ, ಕೊಪ್ಪರ, ದಿನಸಿ ಎಂದು ಐವತ್ತು ವರ್ಷ ಒಂದೇ ಅಂಗಡಿಯಲ್ಲಿ ಕುಳಿತವರು. ಹೆದ್ದಾರಿ ಅಗಲವಾಗುವಾಗ ಅಂಗಡಿಯ ಮುಂಭಾಗ ಹೋಗಿ ಪರಿಹಾರದ ಹಣ ಬಂತು. ಉಳಿದ ಕಟ್ಟಡವನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಡುವ ಮಾತು ಮನೆಯಲ್ಲಿ ನಡೆದಿದೆ. ಮಗ ಒಳ್ಳೆಯವನು. ಸೊಸೆಯೂ ಮಾವನಿಗೆ ಹೊತ್ತಿಗೆ ಸರಿಯಾಗಿ ಗಂಜಿ ಕೊಡುವವಳು. ಆದರೂ ಹೋದ ತಿಂಗಳು ನಾವು ಹೋದಾಗ ಅವರು ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟು, "ಇದರ ಕೀಲಿಕೈ ಕೊಟ್ಟ ಮೇಲೆ ನಾನು ಈ ಅಂಗಡಿಗೆ ಯಾರಾಗಿ ಬರುವುದು ಮಾರಾಯ್ರೇ?" ಎಂದು ಕೇಳಿದರು. ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಬಂಧುಗಳೇ, ಈ ಪ್ರಶ್ನೆ ನಮ್ಮ ಊರಿನದು ಮಾತ್ರವಲ್ಲ. ಯುರೋಪಿನಲ್ಲಿ 2004ರಿಂದ ಒಂದು ದೊಡ್ಡ ಸಮೀಕ್ಷೆ ನಡೆಯುತ್ತಿದೆ. ಆರಂಭದಲ್ಲಿ 11 ದೇಶ, ಮುಂದೆ ಇನ್ನೂ ಹಲವು. ಐವತ್ತು ದಾಟಿದವರ ಆರೋಗ್ಯ, ಸಂಸಾರ, ಹಣಕಾಸು, ಮೂರನ್ನೂ ಒಟ್ಟಿಗೆ ಕೇಳಿ, ಕೆಲವು ವರ್ಷ ಬಿಟ್ಟು ಅದೇ ಜನರ ಬಳಿಗೆ ಮತ್ತೆ ಹೋಗುತ್ತಾರೆ. ಅಲ್ಲಿ ಕಂಡ ಒಂದು ಸಂಗತಿ ನಮ್ಮ ವರ್ತಕರಿಗೆ ತಮಾಷೆಯೆನಿಸಿತು: ಮುಪ್ಪಿನಲ್ಲಿಯೂ ಹಣ ಹರಿಯುವುದು ಹೆಚ್ಚಾಗಿ ತಂದೆತಾಯಿಯಿಂದ ಮಕ್ಕಳ ಕಡೆಗೇ. "ಹಾಗಾದರೆ ದೊರೆಗಳ ದೇಶದಲ್ಲೂ ಅಪ್ಪನೇ ಕೊಡುವುದು!" ಎಂದು ನಕ್ಕರು.

ನಮ್ಮ ದೇಶದಲ್ಲೂ ಇಂಥದೇ ಕೆಲಸವಾಗಿದೆ. 2010ರಲ್ಲಿ ಪ್ರಯೋಗಕ್ಕಾಗಿ ನಾಲ್ಕು ರಾಜ್ಯಗಳನ್ನು ಆರಿಸಿಕೊಂಡರು. ಕರ್ನಾಟಕ, ಕೇರಳ ಎರಡೂ ಅದರಲ್ಲಿದ್ದವು. 2017-18ರಲ್ಲಿ ಮುಂಬಯಿಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯವರು 45 ದಾಟಿದವರು ಮತ್ತು ಅವರ ಬಾಳಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಮಂದಿಯನ್ನು ಮನೆಮನೆಗೆ ಹೋಗಿ ಮಾತನಾಡಿಸಿದರು. ವರದಿ 2021ರ ಜನವರಿಯಲ್ಲಿ ಹೊರಬಂತು. ಅರವತ್ತು ದಾಟಿದವರಲ್ಲಿ ಸುಮಾರು ಏಳೂವರೆ ಕೋಟಿ ಜನ ಯಾವುದಾದರೊಂದು ದೀರ್ಘಕಾಲದ ಕಾಯಿಲೆ ಹೊತ್ತವರೆಂದು ಅಂದಾಜು.

ಬರೀ ಪ್ರಶ್ನೆ ಕೇಳಿ ಬಿಡುವುದಿಲ್ಲ. ರಕ್ತದ ಒತ್ತಡ ನೋಡುತ್ತಾರೆ, ನಡಿಗೆಯ ವೇಗ ಅಳೆಯುತ್ತಾರೆ, ಒಂದು ಉಪಕರಣ ಕೊಟ್ಟು ಮುಷ್ಟಿ ಬಿಗಿಹಿಡಿಯಲು ಹೇಳುತ್ತಾರೆ. ಮುಷ್ಟಿಯ ಬಲ ಕುಗ್ಗಿದವರಿಗೆ ಅಪಾಯ ಹೆಚ್ಚು ಎಂದು ಭಾರತವೂ ಸೇರಿದ 17 ದೇಶಗಳ ಅಧ್ಯಯನವೊಂದು 2015ರಲ್ಲಿ ತೋರಿಸಿತು. ಇನ್ನೊಂದು ಪರೀಕ್ಷೆ ನೆನಪಿನದು: ಹತ್ತು ಪದ ಓದಿ ಹೇಳುವುದು, ಎಷ್ಟು ನೆನಪಿದೆಯೆಂದು ಕೂಡಲೇ ಕೇಳುವುದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುವುದು.

ಅದನ್ನು ಅಂಗಡಿಯಲ್ಲೇ ಆಡಿ ನೋಡಿದೆವು. ಮೊಮ್ಮಗ ಶಾಲೆಯ ಮಲಯಾಳದಲ್ಲಿ ಹತ್ತು ಪದ ಓದಿದ. ಅಜ್ಜ ಹೇಳಿದ್ದು ಮೂರು. ಹುಡುಗನ ಮುಖ ಸಪ್ಪಗಾಯಿತು. ಬೇರೆ ಹತ್ತು ಪದವನ್ನು ನಾವು ಕನ್ನಡದಲ್ಲಿ ಓದಿದೆವು. ಏಳು ಬಂದವು! ಗಡಿನಾಡಿನ ಮುದುಕರ ನೆನಪನ್ನು ಅಳೆಯುವವರು ಮೊದಲು ಅವರ ಮನೆಮಾತು ಯಾವುದೆಂದು ಕೇಳಬೇಕು. ವೈದ್ಯರ ಕೋಣೆಯಲ್ಲಿಯೂ ಅಷ್ಟೇ. "ಅಪ್ಪನಿಗೆ ಮರೆವು ಬಂದಿದೆ, ಬೇಗ ಸಹಿ ಹಾಕಿಸಿ" ಎನ್ನುವವರು ಇದನ್ನು ಗಮನಿಸಲಿ.

ಮತ್ತೊಂದು ಮಾತು. ಯುರೋಪು, ಇಂಗ್ಲೆಂಡು, ಅಮೆರಿಕಗಳ ಲೆಕ್ಕ ಹೋಲಿಸಿದವರು, ಬೇಗ ನಿವೃತ್ತರಾಗುವ ದೇಶಗಳಲ್ಲಿ ಅರವತ್ತರ ಆಸುಪಾಸಿನವರ ನೆನಪು ಹೆಚ್ಚು ಕುಗ್ಗಿರುವುದನ್ನು ಕಂಡು 2010ರಲ್ಲಿ ಬರೆದರು. ಇದರ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದ್ದೇ ಇದೆ. ಆದರೆ ಗಲ್ಲಾದ ಮೇಲೆ ಕುಳಿತು ಉದ್ರಿ ಲೆಕ್ಕ ಬಾಯಲ್ಲೇ ಕೂಡಿಸುವ ಹಿರಿಯರನ್ನು "ಇನ್ನು ವಿಶ್ರಾಂತಿ ತೆಗೆದುಕೊಳ್ಳಿ" ಎಂದು ಎಬ್ಬಿಸುವ ಮೊದಲು ಯೋಚಿಸಬೇಕಾದದ್ದೇ.

ಇನ್ನು ದಾನಪತ್ರ. ಮಾತಾಪಿತೃಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆ 2007ರಲ್ಲಿ ಬಂತು. ಅದರ 23ನೇ ಕಲಮಿನಂತೆ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಪಡೆದ ಆಸ್ತಿಯನ್ನು ಇಟ್ಟುಕೊಂಡು ಹಿರಿಯರನ್ನು ಕೈಬಿಟ್ಟರೆ ಆ ದಾನವನ್ನು ನ್ಯಾಯಮಂಡಳಿ ರದ್ದುಪಡಿಸಬಹುದು. ತೊಡಕಿರುವುದು "ಷರತ್ತು" ಎಂಬ ಪದದಲ್ಲಿ. ಅಂಥ ಷರತ್ತು ಇತ್ತೆಂದು ತೋರಿಸಬೇಕೆಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪರವಾಗಿ ತೀರ್ಪು ಬಂತು. ಅಲ್ಲಿ ಮಗ ನೋಡಿಕೊಳ್ಳುವೆನೆಂದು ಬೇರೆ ವಚನಪತ್ರ ಬರೆದುಕೊಟ್ಟಿದ್ದ. ಎಂದರೆ, ಪ್ರೀತಿಯಿಂದ ಕೊಟ್ಟೆ ಎಂದಷ್ಟೇ ಬರೆದರೆ ಸಾಲದು.

ನಮ್ಮವರು ಇಲ್ಲಿ ಸಂಕೋಚಪಡುತ್ತಾರೆ. ಮಗನೊಡನೆ ಕರಾರೇ ಎಂದು. ಅಡಿಕೆ ಚೀಲಕ್ಕೆ ಚೀಟಿ ಬರೆಯದೆ ಕೊಡದ ನಾವು, ಐವತ್ತು ವರ್ಷದ ಅಂಗಡಿಯನ್ನು ಬಾಯಿಮಾತಿನ ಮೇಲೆ ಬಿಡುತ್ತೇವೆ!

ವರ್ತಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಗನನ್ನೇ ಒಳಗಿನಿಂದ ಕರೆದು ಕೂರಿಸಿಕೊಂಡರು. ಊಟ, ವಸತಿ, ಔಷಧಿ ಎಂದು ಬರೆಸಿದರು. ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವ ಖರ್ಚು ಎಂದು ಮಗನೇ ಸೇರಿಸಿದ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಪಟ್ಟ ಪಾಡು ಅವನಿಗೆ ಮರೆತಿರಲಿಲ್ಲ. ಕೊನೆಗೆ ಅಜ್ಜ ಇನ್ನೊಂದು ಸಾಲು ಹೇಳಿದರು: ಬದುಕಿರುವ ತನಕ ಬೆಳಗ್ಗೆ ಅಂಗಡಿಯ ಬಾಗಿಲು ತೆರೆಯುವುದು ತಾನೇ. ಕಾನೂನಿನಲ್ಲಿ ಅದಕ್ಕೆ ಜಾಗವಿದೆಯೋ ಎಂದು ಮಗ ನಮ್ಮ ಮುಖ ನೋಡಿದ. ಬರಹಗಾರರ ಬಳಿ ಕೇಳಿ, ಸದ್ಯಕ್ಕೆ ಬರೆದುಕೊಳ್ಳಿ ಎಂದೆವು.