ಶಾಲೆಯ ಬಾಗಿಲಲ್ಲಿ ನಿಂತ ಮಗು ಯಾರದು?



ಕಳೆದ ಜೂನ್‌ನಲ್ಲಿ ಶಾಲೆ ತೆರೆದ ವಾರ ಕಣ್ಣಾರೆ ಕಂಡ ಸಂಗತಿಯೊಂದನ್ನು ಮೊದಲು ಹೇಳಿಬಿಡುತ್ತೇವೆ. ಜಾರ್ಖಂಡಿನಿಂದ ಬಂದು ನಮ್ಮದೇ ಲೈನಿನ ಕೊನೆಯ ಮನೆಯಲ್ಲಿರುವ ತಾಯಿಯೊಬ್ಬಳು, ಅರ್ಧ ದಿನದ ಕೂಲಿ ಬಿಟ್ಟು, ಒಂಬತ್ತು ವರ್ಷದ ಮಗನ ಕೈ ಹಿಡಿದು ಸರ್ಕಾರಿ ಶಾಲೆಯ ಬಾಗಿಲಲ್ಲಿ ನಿಂತಿದ್ದಳು. ಟಿ.ಸಿ. ಎಲ್ಲಿ? ಇಲ್ಲ. ಜನನ ಪತ್ರ? ಇಲ್ಲ. ತಮಿಳು ಬರುತ್ತದೆಯೇ? ಹುಡುಗ ತಾಯಿಯ ಸೆರಗಿನ ಹಿಂದೆ ಅಡಗಿಕೊಂಡ. ಎಲ್ಲ ಕಾಗದ ತೆಗೆದುಕೊಂಡು ಬಾ ಎಂದು ಹೇಳಿ ಕಳುಹಿಸಿದರು. ಅವಳಿಗೆ ಅರ್ಥವಾದದ್ದು ಕೈಸನ್ನೆ ಮಾತ್ರ. ಗೇಟಿನ ಬಳಿ ನಿಂತಿದ್ದ ನಮ್ಮವರೇ ಇಬ್ಬರು, "ವಡಕ್ಕನ್ ಮಗನಿಗೂ ಇಸ್ಕೂಲು ಬೇಕಂತೆ" ಎಂದು ನಕ್ಕರು. ನಾವೂ ಅಲ್ಲೇ ಇದ್ದೆವು. ನಮ್ಮ ಮಕ್ಕಳ ಪುಸ್ತಕ ಪಡೆದುಕೊಂಡು, ತಲೆ ತಗ್ಗಿಸಿ ಮನೆಗೆ ಬಂದೆವು.

ಆ ಭಾನುವಾರ ಉಪದೇಶದ ತರಗತಿಯಲ್ಲಿ ಮಕ್ಕಳಿಗೆ ಒಳ್ಳೆಯ ಸಮಾರ್ಯದವನ ಕಥೆ ಹೇಳಬೇಕಾಗಿತ್ತು. ನಾಲಿಗೆ ಏಳಲಿಲ್ಲ. ಗಾಯಗೊಂಡವನನ್ನು ನೋಡಿಯೂ ದಾರಿಯ ಆಚೆ ಬದಿಯಿಂದ ಹಾದುಹೋದ ಯಾಜಕ ಬೇರೆ ಯಾರೂ ಅಲ್ಲ, ನಾವೇ. ಆದಕಾರಣ ಈ ಬರಹದ ಮೊದಲ ದೂರು ನಮ್ಮ ಮೇಲೆಯೇ. ಎರಡನೆಯದು ನಿಮ್ಮ ಮೇಲೆ.

ನಾವು ಯಾರು ಬಂಧುಗಳೇ? ಈ ಆನೆಮಲೆಯಲ್ಲಿ ಹುಟ್ಟಿದ ಗಿಡಗಳೇ? ಕಾಡು ಕಡಿದು ತೋಟ ಹಾಕಲು ಕಂಗಾಣಿಯ ಮುಂಗಡಕ್ಕೆ ಕೈಯೊಡ್ಡಿ ನಮ್ಮ ಅಜ್ಜ ಅಜ್ಜಿಯರು ಬೆಟ್ಟ ಹತ್ತಿದರು. ನಮ್ಮಲ್ಲಿ ಕೆಲವರ ಮೂಲ ಕೊಳ್ಳೇಗಾಲದ ಕಡೆ. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆಗುವ ತನಕ ಕೊಳ್ಳೇಗಾಲ ತಾಲ್ಲೂಕು ಇದೇ ಕೋಯಮತ್ತೂರು ಜಿಲ್ಲೆಗೆ ಸೇರಿತ್ತು. ಗಡಿ ಸರಿಯಿತು, ನಾವು ಇದ್ದಲ್ಲೇ ಇದ್ದು ಹೊರಗಿನವರಾದೆವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಮೊದಲ ದಿನ ಮೇಷ್ಟ್ರು ಕೇಳಿದ್ದು ತಿಳಿಯದೆ ಬೆಂಚಿನ ಮೇಲೆ ಅತ್ತವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಈಗ ಪೊಳ್ಳಾಚಿಯಿಂದ ಬಂದು, ಆಳಿಯಾರಿನ ಮೇಲೆ ಅದೇ 40 ತಿರುವು ಹತ್ತಿ, ಜಾರ್ಖಂಡ್, ಒಡಿಶಾ, ಅಸ್ಸಾಮಿನ ಕುಟುಂಬಗಳು ವಾಲ್ಪಾರೈಗೆ ಬರುತ್ತಿವೆ. ಅಂದು ಕಂಗಾಣಿ ಕರೆತಂದ, ಇಂದು ಕಂಟ್ರಾಕ್ಟರ್ ಕರೆತರುತ್ತಾನೆ. ಬದಲಾದದ್ದು ಇಷ್ಟೇ.

ಕಾಗದದ ಕಾಲಮ್ಮಿನಲ್ಲಿ ಸ್ಥಳವಿಲ್ಲದವರ ನೋವು ನಮಗೆ ತಿಳಿಯದ್ದೇ? 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯವರು ಹಿಂದೂಗಳೇ ಆಗಿರಬೇಕೆಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತ ಕ್ರೈಸ್ತರನ್ನು ಹೊರಗೇ ನಿಲ್ಲಿಸಿದರು. ಮದ್ರಾಸಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬುವರು ಸರ್ಕಾರ ಹಿಂದೂ ಚಮ್ಮಾರರಿಗೆ ಕೊಟ್ಟ ಪೆಟ್ಟಿಗೆ ಅಂಗಡಿ ತಮಗೂ ಬೇಕೆಂದು ಸುಪ್ರೀಂ ಕೋರ್ಟಿಗೆ ಹೋದರು, 1985ರಲ್ಲಿ ಸೋತರು. 2023ರ ಏಪ್ರಿಲ್‌ನಲ್ಲಿ ತಮಿಳುನಾಡು ವಿಧಾನಸಭೆ ದಲಿತ ಕ್ರೈಸ್ತರಿಗೂ ಆ ಸ್ಥಾನ ಕೊಡಬೇಕೆಂದು ಗೊತ್ತುವಳಿ ಮಾಡಿತು. ಆದರೂ 2024ರ ನವೆಂಬರ್‌ನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಮೊಕದ್ದಮೆಯಲ್ಲಿ, ಕ್ರೈಸ್ತ ಧರ್ಮವನ್ನು ಆಚರಿಸುವವರಿಗೆ ಪರಿಶಿಷ್ಟ ಜಾತಿಯ ಸರ್ಟಿಫಿಕೇಟು ಇಲ್ಲವೆಂದೇ ತೀರ್ಪಾಯಿತು. ಜ್ಞಾನಸ್ನಾನದ ನೀರು ಸರ್ಟಿಫಿಕೇಟನ್ನು ಅಳಿಸಿತು, ಊರಿನವರ ಕಣ್ಣಿನಲ್ಲಿದ್ದ ಜಾತಿಯನ್ನು ಅಳಿಸಲಿಲ್ಲ. ಹೀಗೆ ಬಾಗಿಲಲ್ಲಿ ನಿಂತು ಸವೆದ ನಾವೇ ಇನ್ನೊಬ್ಬರಿಗೆ ಬಾಗಿಲು ಮುಚ್ಚುವುದು ನ್ಯಾಯವೇ?

ನಮ್ಮ ಲೈನುಗಳಲ್ಲಿ ಕೇಳಿಬರುವ ಮಾತುಗಳನ್ನು ಒಂದೊಂದಾಗಿ ತೂಗಿ ನೋಡೋಣ.

"ಅವರು ಬಂದು ಹೋಗುವವರು, ಅವರ ಮಕ್ಕಳಿಗೆ ಶಾಲೆ ಏಕೆ?" ಎನ್ನುತ್ತಾರೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಹಾಗೆನ್ನುವುದಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹಿಂದಕ್ಕೆ ಕಳುಹಿಸಬಾರದು. ಟಿ.ಸಿ. ತಡವಾಯಿತೆಂದು ನಿರಾಕರಿಸಬಾರದು. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸಿ, ಹಿಂದುಳಿದದ್ದನ್ನು ಬೇರೆಯಾಗಿ ಕಲಿಸಬೇಕು. ಆರರಿಂದ ಹದಿನಾಲ್ಕು ವಯಸ್ಸಿನ ಎಲ್ಲ ಮಕ್ಕಳಿಗೂ ಇದು ಹಕ್ಕು; ಯಾರೂ ಕೊಡುವ ಭಿಕ್ಷೆಯಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಗುವಿಗೆ ಮಧ್ಯಾಹ್ನದ ಊಟವಿಲ್ಲ, 2022ರಲ್ಲಿ ಆರಂಭವಾದ ಬೆಳಗಿನ ತಿಂಡಿಯೂ ಇಲ್ಲ. ಅಕ್ಷರದ ಜೊತೆಗೆ ಅನ್ನವನ್ನೂ ಕಳೆದುಕೊಳ್ಳುತ್ತದೆ.

"ಅವರಿಂದ ನಮ್ಮ ಕೂಲಿ ಇಳಿಯಿತು" ಎನ್ನುತ್ತಾರೆ. ಕೂಲಿ ಇಳಿಸುವವನು ಕೂಲಿ ಕೊಡುವವನು, ಹಸಿದು ಬಂದವನಲ್ಲ. ಇಂದು ಶಾಲೆಯಿಂದ ಹೊರಗುಳಿದ ಆ ಹುಡುಗ ನಾಲ್ಕು ವರ್ಷದಲ್ಲಿ ಎಲ್ಲಿರುತ್ತಾನೆ? ತಿರುಪ್ಪೂರಿನ ಯಾವುದೋ ಬನಿಯನ್ ಕಂಪನಿಯಲ್ಲಿ ದಾರ ಕತ್ತರಿಸುತ್ತಿರುತ್ತಾನೆ, ಇಲ್ಲವೇ ಇಲ್ಲೇ ಸಿಕ್ಕಷ್ಟು ಕೂಲಿಗೆ ಮೂಟೆ ಹೊರುತ್ತಿರುತ್ತಾನೆ. ಅಂದು ನಿಮ್ಮ ಮಗನ ಕೂಲಿಯನ್ನು ಇಳಿಸಲು ಮಾಲೀಕರು ತೋರಿಸುವುದು ಅವನನ್ನೇ. ತಿರುವಾಂಕೂರಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಅಯ್ಯಂಕಾಳಿಯವರು ಇದನ್ನು ಕಂಡಿದ್ದರು. ದಲಿತ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯದೆ ಗದ್ದೆಗೆ ಇಳಿಯುವುದಿಲ್ಲವೆಂದು ಅವರ ಮಾತಿನಂತೆ ಕೂಲಿಯಾಳುಗಳು ಕೆಲಸ ನಿಲ್ಲಿಸಿದರು. ಅದು ಕೂಲಿಗಿಂತ ಮೊದಲು ಮಕ್ಕಳಿಗಾಗಿ ನಡೆದ ಮುಷ್ಕರ. ನಮ್ಮ ಸಂಘದ ಬೇಡಿಕೆ ಪಟ್ಟಿಯಲ್ಲಿ ಶಾಲೆ ಎಷ್ಟನೆಯ ಸಾಲಿನಲ್ಲಿದೆ?

"ಶಾಲೆಯಲ್ಲಿ ಈಗ ಜಾತಿ, ಊರು ಯಾರು ನೋಡುತ್ತಾರೆ?" ಎನ್ನುವವರೂ ಇದ್ದಾರೆ. 2018ರ ಜುಲೈಯಲ್ಲಿ ತಿರುಪ್ಪೂರು ಜಿಲ್ಲೆಯ ಅವಿನಾಶಿ ಬಳಿಯ ತಿರುಮಲೈಗೌಂಡನ್‌ಪಾಳಯದಲ್ಲಿ ಅರುಂದತಿಯರ್ ಹೆಣ್ಣುಮಗಳೊಬ್ಬರು ಶಾಲೆಯಲ್ಲಿ ಅಡಿಗೆ ಮಾಡಬಾರದೆಂದು ಊರವರು ಅಡ್ಡ ನಿಂತರು. ಅಧಿಕಾರಿಗಳು ಅಡ್ಡ ನಿಂತವರನ್ನು ಬಿಟ್ಟು ಆಕೆಯನ್ನೇ ವರ್ಗ ಮಾಡಿದರು. ದಲಿತ ಸಂಘಟನೆಗಳು ಬೀದಿಗಿಳಿದ ಮೇಲೆಯೇ ಆ ಆದೇಶ ರದ್ದಾದದ್ದು, ಕೇಸು ದಾಖಲಾದದ್ದು. ಆಕೆ ಒಂಟಿಯಾಗಿದ್ದರೆ ಏನಾಗುತ್ತಿತ್ತು, ಯೋಚಿಸಿ.

ಇನ್ನು ನಮ್ಮ ಸಭೆಗೆ ಒಂದು ಮಾತು. ಗುರುಗಳು ಕೋಪಿಸಿಕೊಂಡರೂ ಚಿಂತೆಯಿಲ್ಲ, ಹೇಳಬೇಕು. 2014ರ ಮೇ 6ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ತಗಲುವುದಿಲ್ಲ. ಬಡವರ ಮಕ್ಕಳಿಗೆ ನಾಲ್ಕರಲ್ಲೊಂದು ಸ್ಥಾನ ಕೊಡಬೇಕೆಂಬ ನಿಯಮವೂ ಇಲ್ಲ. ಆ ತೀರ್ಪು ಸರಿಯೇ ಎಂದು 2025ರಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ ಸಂಶಯ ಎತ್ತಿತು. ಸಂಶಯ ಕೋರ್ಟಿಗೆ ಬಂದಿತು, ನಮಗೆ ಬರಲಿಲ್ಲ! ಅಲ್ಪಸಂಖ್ಯಾತರ ಹಕ್ಕು ಬಲಹೀನರನ್ನು ಕಾಪಾಡುವುದಕ್ಕೆ ಬಂದದ್ದು, ಬಲಹೀನರಿಂದ ನಮ್ಮನ್ನು ಕಾಪಾಡಿಕೊಳ್ಳುವುದಕ್ಕಲ್ಲ. ಕಾನೂನು ಬಿಟ್ಟರೂ ಶುಭಸಂದೇಶ ನಮ್ಮನ್ನು ಬಿಟ್ಟಿದೆಯೇ? ಹೆರೋದನಿಗೆ ಹೆದರಿ ಕೂಸನ್ನೆತ್ತಿಕೊಂಡು ಭಾಷೆ ತಿಳಿಯದ ಐಗುಪ್ತಕ್ಕೆ ಓಡಿದ ಕುಟುಂಬವನ್ನು ಪೂಜಾಪೀಠದ ಮೇಲಿಟ್ಟು, ಅಂಥದೇ ಕುಟುಂಬವನ್ನು ಶಾಲೆಯ ಗೇಟಿನಲ್ಲಿ ನಿಲ್ಲಿಸುವುದು ಯಾವ ಭಕ್ತಿ?

2024ರ ಅಕ್ಟೋಬರ್‌ನಲ್ಲಿ ಒಮ್ಮೆ, 2025ರ ಜೂನ್‌ನಲ್ಲಿ ಮತ್ತೊಮ್ಮೆ, ವಾಲ್ಪಾರೈ ಎಸ್ಟೇಟುಗಳಲ್ಲಿ ಜಾರ್ಖಂಡಿನ ಕೂಲಿ ಕುಟುಂಬಗಳ ಎಳೆಯ ಹೆಣ್ಣುಮಕ್ಕಳು ಚಿರತೆಗೆ ಬಲಿಯಾದವು. ಎಲ್ಲರೂ ಅತ್ತರು. ಸತ್ತ ಮೇಲೆ ಆ ಮಗು ಊರಿಗೇ ಮಗುವಾಯಿತು. ಬದುಕಿರುವ ಮಕ್ಕಳು ಮಾತ್ರ ಯಾರ ಮಕ್ಕಳೂ ಅಲ್ಲವೇ?

ಆ ಹುಡುಗನ ವಿಷಯ ಹೇಳಿ ಮುಗಿಸಬೇಕು. ಮರುವಾರ ನಾವು ಇಬ್ಬರು, ಅವನ ತಾಯಿಯೊಂದಿಗೆ, ಕಾಯ್ದೆಯ ಪುಸ್ತಕ ಹಿಡಿದು ಅದೇ ಶಾಲೆಗೆ ಹೋದೆವು. ಜಗಳವಾಡಲಿಲ್ಲ, ಕಲಂ ತೆಗೆದು ಓದಿದೆವು, ಅಷ್ಟೇ. ಅರ್ಧ ಗಂಟೆಯಲ್ಲಿ ಹೆಸರು ಬರೆದುಕೊಂಡರು. ಈಗ ನಾಲ್ಕನೆಯ ತರಗತಿಯಲ್ಲಿದ್ದಾನೆ. ಇನ್ನೂ ಕೊನೆಯ ಬೆಂಚೇ, ಗೆಳೆಯರೂ ಇಲ್ಲ. ಆದರೆ ಒಳಗಿದ್ದಾನೆ. ಆ ತಾಯಿಯ ಕೈಯಲ್ಲಿದ್ದ ಕಾಗದ ಹೆಚ್ಚಲಿಲ್ಲ, ಜೊತೆಗೆ ನಿಂತವರು ಹೆಚ್ಚಿದರು.

ಆದಕಾರಣ ಬಂಧುಗಳೇ, ಇಷ್ಟು ಮಾಡೋಣ.

ಒಂದು: ಯಾವ ತಾಯಿಯೂ ಶಾಲೆಗಾಗಲಿ ಕಚೇರಿಗಾಗಲಿ ಒಂಟಿಯಾಗಿ ಹೋಗಬಾರದು. ಲೈನಿಗೆ ಇಬ್ಬರು ಹೊಣೆ ಹೊರಲಿ. ಅವರು ಕಳೆದುಕೊಳ್ಳುವ ಕೂಲಿಯನ್ನು ಸಂಘದ ನಿಧಿ ಕೊಡಲಿ.

ಎರಡು: ಶಿಶುಮನೆಯನ್ನು ಕೇಳೋಣ. 1951ರ ತೋಟ ಕಾರ್ಮಿಕರ ಕಾಯ್ದೆ ಹೋಗಿ 2025ರ ನವೆಂಬರ್ 21ರಿಂದ ಹೊಸ ಸಂಹಿತೆ ಬಂದಿದೆ. ಅದರಲ್ಲೂ 50 ಕಾರ್ಮಿಕರಿರುವ ತೋಟಕ್ಕೆ ಶಿಶುಮನೆಯ ಮಾತಿದೆ. ಕಂಟ್ರಾಕ್ಟರ್ ಕಡೆಯ ಆಳುಗಳೂ ಆ ಲೆಕ್ಕಕ್ಕೆ ಸೇರುತ್ತಾರೆ. ಅವರನ್ನು ಬಿಟ್ಟು ಲೆಕ್ಕ ಹೇಳುವ ಮೇನೇಜರನಿಗೆ ನಾವು ತಲೆಯಾಡಿಸಬಾರದು.

ಮೂರು: ಮಗು ದುಡಿಮೆಗೆ ಹೋಗುವುದು ಕಂಡರೆ 1098ಕ್ಕೆ ಫೋನ್ ಮಾಡಿ. ಮಕ್ಕಳ ಕಲ್ಯಾಣ ಸಮಿತಿ ಮಗುವನ್ನು ಕಿತ್ತುಕೊಳ್ಳುತ್ತದೆಂದು ಬಡ ತಾಯಂದಿರು ಹೆದರುತ್ತಾರೆ. ಮಗುವನ್ನು ಸಂಸ್ಥೆಯಲ್ಲಿಡುವುದು ಕೊನೆಯ ದಾರಿಯೆಂದು 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಅದನ್ನು ಅವರಿಗೆ ತಿಳಿಸಿ, ಸಮಿತಿಯ ಮುಂದೆಯೂ ಜೊತೆಗಿರೋಣ.

ನಾಲ್ಕು: ನಮ್ಮ ಧರ್ಮಕೇಂದ್ರದ ಶಾಲೆಯಲ್ಲಿ ಈ ಮಕ್ಕಳಿಗೆ ಸ್ಥಾನ ಎಷ್ಟು ಎಂದು ಮುಂದಿನ ಸಭೆಯಲ್ಲಿ ಎದ್ದು ನಿಂತು ಕೇಳೋಣ.

ಐದು: "ವಡಕ್ಕನ್" ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೇ ನಿಲ್ಲಲಿ. ಆ ಹುಡುಗನಿಗೆ ಒಂದು ಹೆಸರಿದೆ. ಮೊದಲು ಅದನ್ನು ಕೇಳಿ ತಿಳಿದುಕೊಳ್ಳಿ.