ವಿಹಾರಕ್ಕೆ ಯಾರು ಬರತಕ್ಕದ್ದು?

ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಸಂಚಿಕೆಯಲ್ಲಿ ತಮ್ಮ ಕಾಲದ ಪ್ರವಾಸಗಳನ್ನು ಸಂತೋಷದಿಂದ ನೆನೆದು ಬರೆದಿರುತ್ತಾರೆ. ಅಂದು ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳಿಗೆ ಹೋಗಿಬಂದು ತೃಪ್ತಿಪಡುತ್ತಿದ್ದರು. ಇಂದಿನ ಹುಡುಗಿಯರು ಬಿಡದಿಯಲ್ಲಿ 2005ರಲ್ಲಿ ತೆರೆದ ವಂಡರ್‌ಲಾ ವಿನೋದೋದ್ಯಾನಕ್ಕೇ ಹೋಗಬೇಕೆಂದು ಹಟಮಾಡುವರು. ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ. ವರ್ಷವೆಲ್ಲಾ ಓದಿದ ಮಕ್ಕಳು ಒಂದು ದಿನ ಮನದಣಿಯೆ ಕೂಗಾಡಿದರೆ ವ್ಯಾಕರಣವೇನೂ ಮರೆತುಹೋಗದು. ನನ್ನ ಮನಸ್ಸನ್ನು ಕೊರೆಯುತ್ತಿರುವ ವಿಷಯವೇ ಬೇರೆ.

ಕಳೆದ ವರ್ಷ ಅಂಥ ಪ್ರವಾಸಕ್ಕೆ ಹಾಸನದ ಹುಡುಗಿಯರೊಡನೆ ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಕಡೆಯವರೂ ಹಣ ಕಟ್ಟಿದರು. ಗಾಲಿಕುರ್ಚಿಯಲ್ಲಿ ತರಗತಿಗೆ ಬರುವ ಅರಕಲಗೂಡಿನ ಕಡೆಯ ಹುಡುಗಿಯೊಬ್ಬಳು ಎಲ್ಲರಿಗಿಂತ ಮೊದಲೇ ಕಟ್ಟಿದ್ದಳು. "ನಿನಗೆ ಆಯಾಸವಾದೀತು, ಅಮ್ಮಾ" ಎಂದು ನಾನೇ ಆ ಹಣವನ್ನು ಹಿಂದಿರುಗಿಸಿದೆನು. ಅವಳು ವಂದಿಸಿ ತೆಗೆದುಕೊಂಡಳು. ಪ್ರವಾಸದ ಮರುದಿನ ಗೆಳತಿಯರು ವರ್ಣಿಸುತ್ತಿದ್ದುದನ್ನೆಲ್ಲಾ ನಗುಮುಖದಿಂದಲೇ ಕೇಳುತ್ತಿದ್ದಳು. ಅವಳ ಆಯಾಸವನ್ನು ನಾನು ಅಳೆದುದು ಹೇಗೆ? ಅವಳನ್ನು ಒಂದು ಮಾತು ಕೇಳಿಯೂ ಇರಲಿಲ್ಲ.

"ಅಂಥ ಯಂತ್ರಗಳಲ್ಲಿ ಅವಳು ಹೇಗೆ ಕುಳಿತಾಳು?" ಎಂದು ಕೆಲವು ಪೋಷಕರು ನನ್ನನ್ನು ಸಮಾಧಾನಪಡಿಸಿದರು. ನಿಜವೇ. ತಲೆಕೆಳಗಾಗಿ ತಿರುಗುವ ಯಂತ್ರದಲ್ಲಿ ಕುಳಿತವರು ಬೆನ್ನನ್ನು ನೆಟ್ಟಗಿರಿಸಿ ಕಂಬಿಯನ್ನು ಸ್ವಂತ ಬಲದಿಂದ ಹಿಡಿದಿರಬೇಕು; ಅದು ನಡುವೆ ನಿಂತುಹೋದರೆ ಮೆಟ್ಟಲಿಳಿದು ಬರಬೇಕಾದೀತು. ಅಂಥ ನಿಷೇಧವು ನ್ಯಾಯವಾದುದು. ಆದರೆ ಒಂದು ಯಂತ್ರದ ನಿಷೇಧವನ್ನು ತಂದು ಹೆಬ್ಬಾಗಿಲಿಗೇ ಕಟ್ಟಿದವರು ನಾವು. ತಲೆ ಸುತ್ತುವುದೆಂಬ ಭಯದಿಂದ ನಾನೂ ಅಂದು ಯಾವ ಯಂತ್ರವನ್ನೂ ಏರಲಿಲ್ಲ. ಆದರೂ ನನಗೆ ಬಸ್ಸಿನಲ್ಲಿ ಮುಂದಿನ ಆಸನವೇ ದೊರೆತಿತ್ತು!

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 16ನೆಯ ಪ್ರಕರಣವು, ಸರಕಾರದ ಅನುದಾನ ಅಥವಾ ಮಾನ್ಯತೆಯುಳ್ಳ ಶಾಲೆಗಳಲ್ಲಿ ಇಂಥ ಮಕ್ಕಳಿಗೆ ಪಾಠವಷ್ಟೇ ಅಲ್ಲದೆ ಆಟವಿನೋದಗಳ ಅವಕಾಶವೂ ಇತರರಿಗೆ ಸಮನಾಗಿ ದೊರೆಯಬೇಕೆನ್ನುತ್ತದೆ. ಹಾಜರಿಪುಸ್ತಕದಲ್ಲಿ ಹೆಸರು ಬರೆದುಕೊಂಡ ಮಾತ್ರಕ್ಕೆ ನಮ್ಮ ಕರ್ತವ್ಯ ತೀರಲಿಲ್ಲ. ಅಮೆರಿಕಾದ ಸ್ಯಾನ್ ಆಂಟೋನಿಯೋ ನಗರದಲ್ಲಿ ಗಾರ್ಡನ್ ಹಾರ್ಟ್‌ಮನ್ ಎಂಬ ತಂದೆಯು ತನ್ನ ಮಗಳ ನಿಮಿತ್ತ 2010ರಲ್ಲಿ ಒಂದು ವಿನೋದೋದ್ಯಾನವನ್ನೇ ತೆರೆದನು. ಅಲ್ಲಿ ಗಾಲಿಕುರ್ಚಿಯ ಸಮೇತ ಏರಿ ತೂಗಿಕೊಳ್ಳುವ ಉಯ್ಯಾಲೆಗಳುಂಟು.

ಅಷ್ಟು ದೂರವೇಕೆ? ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ವಿಂಧ್ಯಗಿರಿಯ 600ಕ್ಕೂ ಮಿಕ್ಕ ಮೆಟ್ಟಲುಗಳನ್ನು ಹತ್ತಲಾರದ ಯಾತ್ರಿಕರನ್ನು ಡೋಲಿಯಲ್ಲಿ ಹೊತ್ತು ಮೇಲೇರಿಸುವರು. ಕಪೆರ್ನೌಮಿನಲ್ಲಿ ಮಾಳಿಗೆಯನ್ನು ಬಿಚ್ಚಿ ಪಾರ್ಶ್ವವಾಯು ರೋಗಿಯನ್ನು ಇಳಿಸಿದ ಆ ನಾಲ್ವರನ್ನು ನಮ್ಮ ಭಾನುವಾರದ ಪಾಠಶಾಲೆಯ ಮಕ್ಕಳೂ ಬಲ್ಲರು. ಅವನಿಗೆ ಆಯಾಸವಾದೀತೆಂದು ಅವರು ಮನೆಯಲ್ಲಿ ಬಿಟ್ಟುಬರಲಿಲ್ಲ.

ಯಾವ ಆಟಕ್ಕೆ ಯಾರು ಅರ್ಹರು, ದಾರಿಯಲ್ಲಿ ಮೆಟ್ಟಲುಗಳೆಷ್ಟು, ಅಗಲವಾದ ಬಾಗಿಲುಳ್ಳ ಶೌಚಗೃಹವೆಲ್ಲಿ ಎಂಬುದನ್ನು ಈ ವರ್ಷ ಮೊದಲೇ ಪತ್ರ ಬರೆದು ವಿಚಾರಿಸಿಕೊಳ್ಳುವೆವು. ಮೊಟ್ಟಮೊದಲಿನ ಅಡ್ಡಿಯಾದರೋ ಉದ್ಯಾನದಲ್ಲಿಲ್ಲ. ಬಸ್ಸಿನ ಎತ್ತರವಾದ ಮೆಟ್ಟಲಿನಲ್ಲಿದೆ. ಎತ್ತಿ ಕೂರಿಸುವ ಬಗೆಯನ್ನು ಹುಡುಗಿಯ ತಾಯಿಯೇ ತೋರಿಸಿಕೊಡುವರಂತೆ. ಆ ಒಂದು ದಿನ ಜೊತೆಗೆ ಬರಬಲ್ಲ ನಾಲ್ವರು ಹಳೆಯ ವಿದ್ಯಾರ್ಥಿನಿಯರು ಕಚೇರಿಗೆ ತಿಳಿಸಬೇಕಾಗಿ ಪ್ರಾರ್ಥನೆ. ಈ ಸಲ ಅವಳನ್ನು ಕೇಳಿದೆನು. ಅಲೆಯೇಳುವ ಕೊಳದ ಅಂಚಿನಲ್ಲಿ ಕಾಲು ನೆನೆಸಿಕೊಂಡು ಕೂರಬೇಕಂತೆ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸ್ಥಳವೂ ಬೇಕಂತೆ.